ನಾಲೆಯ ಏರಿ ಮತ್ತು ಊಟದ ಮೇಜು

ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆಯ ಏರಿಯ ಮೇಲೆ ಸಂಜೆ ಏಳರ ನಂತರ ಬೈಕಿನಲ್ಲಿ ಹೋದವರಿಗೆ ಈ ನೋಟ ಹೊಸದಲ್ಲ. ದಾರಿ ಬದಿಗೆ ನಿಲ್ಲಿಸಿದ ಎರಡು ಬೈಕು, ಹುಲ್ಲಿನ ಮೇಲೆ ಹಾಸಿದ ಹಳೆಯ ಪೇಪರು, ಅದರ ಮೇಲೆ ಖಾರದ ಪೊಟ್ಟಣ, ನೀರಿನ ಬಾಟಲಿ, ನಾಲ್ಕು ಪ್ಲಾಸ್ಟಿಕ್ ಲೋಟ. ದೂರದಲ್ಲಿ ಹೆಡ್‌ಲೈಟ್ ಕಂಡರೆ ಲೋಟಗಳು ಬೆನ್ನ ಹಿಂದಕ್ಕೆ ಸರಿಯುತ್ತವೆ. ಕೂತವರು ಕಳ್ಳರೇನಲ್ಲ. ಸರ್ಕಾರವೇ ಮುದ್ರೆ ಒತ್ತಿ, ತೆರಿಗೆ ಮುರಿದುಕೊಂಡು ಮಾರಿದ ಮಾಲನ್ನು ಪೂರಾ ದುಡ್ಡು ಕೊಟ್ಟು ತಂದವರು. ಆದರೂ ಬಚ್ಚಿಟ್ಟುಕೊಂಡು ಕುಡಿಯುತ್ತಾರೆ, ಬೇಗ ಬೇಗ ಕುಡಿಯುತ್ತಾರೆ, ಕುಡಿದ ಮೇಲೆ ಬಾಟಲಿಯನ್ನು ಪಕ್ಕದ ಗದ್ದೆಗೆ ಎಸೆಯುತ್ತಾರೆ. ಮರುದಿನ ಬೆಳಗ್ಗೆ ಆ ಗದ್ದೆಗೆ ಬರಿಗಾಲಲ್ಲಿ ಇಳಿದವನ ಅಂಗಾಲಿಗೆ ಗಾಜು ಹೊಕ್ಕುತ್ತದೆ.

ಈ ಭಾಗದಲ್ಲಿ ಮದ್ಯಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ಕೂರುವ ಜಾಗಕ್ಕೆ. ಮರ್ಯಾದೆಯಿಂದ ಕೂತು, ಬಿಸಿ ಊಟದ ಜೊತೆ, ನಾಲ್ಕು ಜನರ ಕಣ್ಣೆದುರು ಮಿತವಾಗಿ ಕುಡಿದು ಏಳುವ ಜಾಗ ಚನ್ನಗಿರಿಯಲ್ಲೂ ಇಲ್ಲ, ಹೊನ್ನಾಳಿಯಲ್ಲೂ ಇಲ್ಲ, ನ್ಯಾಮತಿ ಜಗಳೂರುಗಳಲ್ಲೂ ಇಲ್ಲ. ನಮ್ಮ ಅಬಕಾರಿ ನೀತಿ ಬಾಟಲಿಯನ್ನು ಎಣಿಸುತ್ತದೆ. ಆ ಬಾಟಲಿ ಎಲ್ಲಿ, ಯಾವುದರ ಜೊತೆ, ಯಾರ ಮುಂದೆ ಖಾಲಿಯಾಗುತ್ತದೆ ಎಂದು ಕೇಳುವುದಿಲ್ಲ. ಬೆಂಗಳೂರಿನ ಬ್ರೂಪಬ್ಬುಗಳಿಂದ ನಮ್ಮ ತಾಲ್ಲೂಕುಗಳು ಕಲಿಯುವುದು ಏನಾದರೂ ಇದ್ದರೆ ಅದು ಬಿಯರಿನ ರುಚಿಯಲ್ಲ, ಈ ಮರೆತ ಪ್ರಶ್ನೆ.

ಕಾನೂನಿನ ನಡಿಗೆಯನ್ನು ಒಮ್ಮೆ ನೋಡಿ. ವೈನ್ ಶಾಪ್ ಎಂದು ನಾವು ಕರೆಯುವ ಚಿಲ್ಲರೆ ಅಂಗಡಿಗೆ ಸಿಎಲ್-2 ಪರವಾನಗಿ. ಅಲ್ಲಿ ಮುಚ್ಚಳ ತೆಗೆಯದ ಬಾಟಲಿ ಕೊಳ್ಳಬಹುದು, ಕುಡಿಯುವಂತಿಲ್ಲ. ಎಂಎಸ್‌ಐಎಲ್ ಮಳಿಗೆಯದೂ ಅದೇ ಕ್ರಮ. ಸಾರ್ವಜನಿಕ ಜಾಗದಲ್ಲಿ ಕುಡಿದರೆ ಪೊಲೀಸರು ಕೇಸು ಹಾಕುತ್ತಾರೆ. ಹಾಗಾದರೆ 90 ಎಂಎಲ್ ಟೆಟ್ರಾ ಪ್ಯಾಕ್ ಕೊಂಡ ಕೂಲಿಯವನು ಅದನ್ನು ಎಲ್ಲಿ ಕುಡಿಯಬೇಕು? ಮನೆಯಲ್ಲಿ. ಹೆಂಡತಿ ರೊಟ್ಟಿ ಬಡಿಯುವ, ಮಕ್ಕಳು ಹೋಂವರ್ಕ್ ಬರೆಯುವ ಒಂದೂವರೆ ಅಂಕಣದ ಮನೆಯಲ್ಲಿ. ಕುಡಿತ ಮನೆ ಹಾಳು ಮಾಡುತ್ತದೆ ಎನ್ನುವ ವ್ಯವಸ್ಥೆಯೇ ಅದನ್ನು ಪಾರ್ಸೆಲ್ ಕಟ್ಟಿ ಮನೆಗೆ ಕಳಿಸುತ್ತಿದೆ. ಮನೆಗೆ ಒಯ್ಯಲು ಅಳುಕುವವನು ನಾಲೆಯ ಏರಿಗೋ ಅಡಿಕೆ ತೋಟಕ್ಕೋ ಹೋಗುತ್ತಾನೆ.

ಬಾರ್ ಅಂಡ್ ರೆಸ್ಟೋರೆಂಟ್‌ಗಳಿವೆಯಲ್ಲ ಎನ್ನಬಹುದು. ಇವೆ. ಹಗಲಲ್ಲೂ ಲೈಟು ಬೇಕಾಗುವ ಕೋಣೆ, ಪಾರ್ಟಿಷನ್ ಹಲಗೆ, ಬೇಯಿಸಿದ ಮೊಟ್ಟೆ, ಶೇಂಗಾ, ಕೆಂಪು ಬಣ್ಣದ ಕಬಾಬು. ‘ಸೈಡ್ಸ್ ಏನು ಕೊಡ್ಲಿ ಅಣ್ಣ?’ ಎಂಬ ಪ್ರಶ್ನೆಯೇ ಆಹಾರದ ಸ್ಥಾನವನ್ನು ಹೇಳಿಬಿಡುತ್ತದೆ: ಅದು ಪಕ್ಕದ್ದು, ನೆಂಚಿಕೊಳ್ಳುವುದು, ಗಂಟಲ ಉರಿ ತಣಿಸುವುದು. ದಾವಣಗೆರೆ ಸೀಮೆಯವರಿಗೆ ಇದು ನಾಚಿಕೆಯ ಸಂಗತಿ. ಬೆಣ್ಣೆದೋಸೆಗೆ, ನರ್ಗಿಸ್ ಮಂಡಕ್ಕಿಗೆ, ಮಿರ್ಚಿಗೆ ಹೆಸರಾದ, ಖಾನಾವಳಿಯ ಎಳೆರೊಟ್ಟಿ–ಎಣ್ಣೆಗಾಯಿಗೆ ದೂರದಿಂದ ಜನ ಬರುವ ನಾಡಿನಲ್ಲಿ ಕುಡಿಯುವವನ ಎದುರು ಮಾತ್ರ ಉಪ್ಪಿನಕಾಯಿ ಚೀಟಿ. ಇಲ್ಲಿ ಊಟವೂ ಕುಡಿತವೂ ಪರಸ್ಪರ ಮುಖ ನೋಡದ ದಾಯಾದಿಗಳು.

ಬೆಂಗಳೂರಿನಲ್ಲಿ 2010–11ರ ಹೊತ್ತಿಗೆ ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್‌ನಂಥ ಜಾಗಗಳು ಶುರುವಾದವು. ಕುಡಿಯುವ ಕೋಣೆಯ ಪಕ್ಕದಲ್ಲೇ ಗಾಜಿನ ಹಿಂದೆ ಹಂಡೆಗಳನ್ನಿಟ್ಟು, ಅಲ್ಲೇ ತಯಾರಿಸಿ, ಅಲ್ಲೇ ಬಡಿಸುವುದು ಬ್ರೂಪಬ್ಬಿನ ಮೂಲ ಕಲ್ಪನೆ. ಈಗ ಅಂಥವು ರಾಜಧಾನಿಯಲ್ಲಿ ಹತ್ತಾರಿವೆ. ಮೈಸೂರು, ಮಂಗಳೂರಿಗೂ ಕಾಲಿಟ್ಟಿವೆ. ಎರಡು ವರ್ಷದ ಹಿಂದೆ ಅಣ್ಣನ ಮಗ ಹೊಸ ಕೆಲಸ ಸಿಕ್ಕ ಖುಷಿಗೆ ನಮ್ಮನ್ನು ಅಂಥದೊಂದಕ್ಕೆ ಕರೆದೊಯ್ದಿದ್ದ. ಹೊನ್ನಾಳಿಯಿಂದ ಬಂದಿದ್ದ ಅತ್ತಿಗೆ ಸೆರಗು ಬಿಗಿಮಾಡಿಕೊಂಡೇ ಒಳಗೆ ಬಂದರು. ಹತ್ತು ನಿಮಿಷದಲ್ಲಿ ಪಕ್ಕದ ಮೇಜಿನ ಅಜ್ಜಿ, ಮಗು, ನಗುವ ಹುಡುಗಿಯರನ್ನು ನೋಡಿ ಸೆರಗು ಸಡಿಲವಾಯಿತು. ತಯಾರಿಸುವ ಹುಡುಗ ಒಂದು ಬಟ್ಟಲಲ್ಲಿ ಮಾಲ್ಟ್ ತಂದು ತೋರಿಸಿದ. ಅತ್ತಿಗೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದು, ‘ಕಾಳು ಮೊಳಕಿ ಬರ್ಸಿ ಹುರದಿದ್ದಲ್ಲಪ್ಪ ಇದು? ನಾವು ಹುಡುಗ್ರಿಗೆ ಸರಿಹಿಟ್ಟು ಮಾಡ್ತೀವಲ್ಲ, ಹಂಗೇ ಐತಲ್ಲ’ ಎಂದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವ ನಮ್ಮ ತಾಯಂದಿರು ಮಾಡುವುದು ಮಾಲ್ಟಿಂಗನ್ನೇ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಮಗುವಿಗೆ ಅದು ಬೇಗ ಜೀರ್ಣವಾಗುವ ಸರಿ. ಬಿಯರ್ ಮಾಡುವವನು ಅದೇ ರೀತಿ ಮೊಳಕೆ ಬರಿಸಿದ ಬಾರ್ಲಿಯನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಹಿಡಿದಿಟ್ಟು ಸಿಹಿನೀರು ಇಳಿಸುತ್ತಾನೆ. ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಕುದಿಸುತ್ತಾನೆ. ಆರಿಸಿ ಯೀಸ್ಟ್ ಬೆರೆಸಿ ಕೆಲವು ವಾರ ಕಾಯುತ್ತಾನೆ. ಮೊದಲ ಅರ್ಧ ದಾರಿ ಅಡುಗೆಮನೆಯದೇ. ಸಿಕ್ಕಿಂ ಕಡೆ ಹುದುಗೆಬ್ಬಿಸಿದ ರಾಗಿಯನ್ನು ಬಿದಿರಿನ ಪಾತ್ರೆಗೆ ಹಾಕಿ, ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ ತೊಂಗ್ಬಾ ಇದೆ. ನಮ್ಮ ಜಗಳೂರಿನ ರಾಗಿಗೂ ಆ ರಾಗಿಗೂ ಜಾತಿ ಒಂದೇ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದವರು ಮೆಕ್ಕೆಜೋಳವನ್ನು ಮೊಳಕೆ ಬರಿಸಿ ಚಿಚಾ ಎಂಬ ಪಾನೀಯ ಮಾಡುತ್ತಾರೆ. ನಮ್ಮಲ್ಲಿ ಸುಗ್ಗಿಯ ಹೊತ್ತಿಗೆ ರಸ್ತೆ ತುಂಬ ಹರಡುವ ಮೆಕ್ಕೆಜೋಳ ಕೋಳಿ ಆಹಾರಕ್ಕೋ ಪಿಷ್ಟದ ಕಾರ್ಖಾನೆಗೋ ಲಾರಿ ಏರುತ್ತದೆ.

ಕಾಳಿನ ಈ ನಂಟನ್ನು ಉಬ್ಬಿಸಿ ಹೇಳಲಾರೆ. ಚನ್ನಗಿರಿಯಲ್ಲಿ ನಾಳೆ ಬ್ರೂಪಬ್ ತೆರೆದರೂ ಬಾರ್ಲಿ ಉತ್ತರ ಭಾರತದಿಂದ, ಹಾಪ್ಸ್ ಬಹುಪಾಲು ಹೊರದೇಶದಿಂದ ಬರಬೇಕು. ನಮ್ಮ ರಾಗಿ ಒಂದು ಪಾಲು ಸೇರಿದರೆ ಹೆಚ್ಚು. ‘ಸ್ಥಳೀಯ’ ಎಂಬ ಮಾತನ್ನು ಬೋರ್ಡಿಗೆ ಬರೆಯುವುದು ಸುಲಭ, ಹಂಡೆಗೆ ಹಾಕುವುದು ಕಷ್ಟ. ಆ ಸಂಜೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಮಾಡಿದವನು ಕುಡಿಯುವವನ ಎದುರು ನಿಂತಿದ್ದ.

ಇದು ನಮಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನೊಬ್ಬನಿದ್ದ. ಹೆಂಡ ಮಾರುವುದು ಅವನ ಕಾಯಕ. ಧರ್ಮೇಶ್ವರಲಿಂಗ ಅವನ ಅಂಕಿತ. ಮಡಕೆ, ಹೆಂಡ, ಅಮಲುಗಳನ್ನೇ ರೂಪಕವಾಗಿಸಿ ಕುಡಿಯಲು ಬಂದವರಿಗೆ ಎಚ್ಚರ ಹೇಳಿದವನು. ಕಾಯಕವೆಂದರೆ ಮಾರಾಟವಷ್ಟೇ ಅಲ್ಲ, ಮಾರಿದ್ದಕ್ಕೆ ಹೊಣೆಯಾಗುವುದು ಎಂಬ ಅರ್ಥ ಅಲ್ಲಿದೆ. ನಮ್ಮ ಬಯಲುಸೀಮೆಯ ಹಳೆಯ ಪಹಣಿಗಳಲ್ಲಿ ‘ಸೇಂದಿವನ’ ಎಂಬ ಮಾತು ಇನ್ನೂ ಸಿಗುತ್ತದೆ. ಈಚಲ ಮರದ ಹೆಂಡ ಬೆಳಗ್ಗೆ ಇಳಿಸಿದ್ದು ಸಂಜೆಗೆ ಹುಳಿಯಾಗುತ್ತಿತ್ತು. ದೂರ ಸಾಗಿಸಲು, ದಾಸ್ತಾನು ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಮಾರುವವನೂ ಕುಡಿಯುವವನೂ ಒಂದೇ ಊರಿನವರಾಗಿರಲೇಬೇಕಿತ್ತು. ಯಾರಿಗೆ ಎಷ್ಟು ತಡೆದೀತು, ಯಾರ ಮನೆಯಲ್ಲಿ ಇಂದು ಒಲೆ ಹೊತ್ತಿಲ್ಲ ಎಂಬುದು ಅಂಗಡಿಯವನಿಗೆ ಗೊತ್ತಿರುತ್ತಿತ್ತು. ಇಂದು ವೈನ್ ಶಾಪಿನ ಕಂಬಿಯ ಸಂದಿಯಿಂದ ನೋಟು ಒಳಗೆ ಹೋಗುತ್ತದೆ, ಬಾಟಲಿ ಹೊರಗೆ ಬರುತ್ತದೆ. ಎರಡು ಕೈಗಳು ಮಾತ್ರ ಭೇಟಿಯಾಗುತ್ತವೆ.

ಹಳೆಯ ಕಾಲವನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ಹೆಂಡದಂಗಡಿಯ ಸಾಲದ ಲೆಕ್ಕದಲ್ಲಿ ಎಷ್ಟೋ ದುಡಿಯುವ ಕುಟುಂಬಗಳು ಕರಗಿಹೋದವು. ಶಿವರಾಮ ಕಾರಂತರ ‘ಚೋಮನ ದುಡಿ’ ಓದಿದವರಿಗೆ ದುಡಿಮೆ, ಸಾಲ, ಕಳ್ಳು ಒಂದಕ್ಕೊಂದು ಹೆಣೆದುಕೊಂಡ ಬಗೆ ಗೊತ್ತು. ಸಾರಾಯಿ ಇನ್ನೂ ಕ್ರೂರ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಹಳ್ಳಿಯ ಹೆಂಗಸರು ನಿಟ್ಟುಸಿರು ಬಿಟ್ಟದ್ದು ಸಹಜ. ಆದರೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಬಟ್ಟಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಉಳಿದವರು ಅಗ್ಗದ ವಿಸ್ಕಿ, ಬ್ರಾಂದಿಗೆ ತಿರುಗಿದರು. ಸ್ಯಾಚೆ ಹೋಗಿ ಟೆಟ್ರಾ ಪ್ಯಾಕ್ ಬಂತು.

ಈ ತಿರುವಿನ ಲೆಕ್ಕ ಸರಳ. ನಮ್ಮ ವಿಸ್ಕಿ, ರಮ್ಮುಗಳಲ್ಲಿ ಮದ್ಯಸಾರ ಶೇಕಡ 42.8. ಒಂದು ‘ನೈಂಟಿ’ಯಲ್ಲಿ ಅದು ಸುಮಾರು 38 ಎಂಎಲ್. ಶೇಕಡ 5ರ ಬಿಯರ್ ಅರ್ಧ ಲೀಟರಿನಲ್ಲಿ ಇರುವುದು 25. ಅಂದರೆ ನಾಲೆಯ ಏರಿಯಲ್ಲಿ ಎರಡು ಗುಟುಕಿಗೆ ಇಳಿಯುವ ನೈಂಟಿ, ಊಟದ ಮೇಜಿನಲ್ಲಿ ಒಂದು ಗಂಟೆ ಹಿಡಿಯುವ ಒಂದೂವರೆ ದೊಡ್ಡ ಗ್ಲಾಸಿಗೆ ಸಮ. ಬಿಯರ್ ಹೊಟ್ಟೆ ತುಂಬಿಸುತ್ತದೆ, ನಿಧಾನಿಸುತ್ತದೆ. ಕೂರಲು ಜಾಗ ಬೇಡುತ್ತದೆ. ನೈಂಟಿಗೆ ಜಾಗವೇ ಬೇಡ, ಜೇಬು ಸಾಕು. ನಮ್ಮ ವ್ಯವಸ್ಥೆ ಜಾಗ ಕೊಡದೆ ಜೇಬಿಗಿಳಿಯುವ ಪಾನೀಯವನ್ನು ಗೆಲ್ಲಿಸಿದೆ.

ಇಷ್ಟಾದ ಮೇಲೆ ಎದುರು ವಾದಗಳಿಗೆ ಕಿವಿಗೊಡಬೇಕು. ಅವು ಗಟ್ಟಿಯಾಗಿವೆ.

ಮೊದಲನೆಯದು ಚಿತ್ರದುರ್ಗದಿಂದ ಬಂದದ್ದು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧಕ್ಕೆ ಒತ್ತಾಯಿಸಿ ಅಲ್ಲಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಜಗಳೂರಿನ ಪಕ್ಕದ ನೆಲದಿಂದ ಹೊರಟ ಆ ನಡಿಗೆಗೆ ಕ್ರಾಫ್ಟ್ ಬಿಯರಿನ ಸೊಗಸನ್ನು ಉತ್ತರವಾಗಿ ಕೊಡುವುದು ಅವಮಾನ. ಕುಡಿದವನ ಕೈಯ ಏಟು ತಿಂದವಳಿಗೆ ಪಾನೀಯದ ಹೆಸರು ಮುಖ್ಯವಲ್ಲ. ಸಂವಿಧಾನದ 47ನೇ ವಿಧಿಯೂ ಅವರ ಪರ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಮಾತೂ ಸ್ಪಷ್ಟ: ಇಷ್ಟಾದರೆ ನಿರಪಾಯ ಎಂಬ ಮದ್ಯದ ಪ್ರಮಾಣವೇ ಇಲ್ಲ. ಬಿಯರನ್ನು ಆರೋಗ್ಯದ ಪಾನೀಯವೆಂದು ಮಾರುವವನು ಸುಳ್ಳುಗಾರ.

ಆದರೆ ಅದೇ ಸಂವಿಧಾನದ ಕೆಳಗೆ ನಡೆಯುವ ರಾಜ್ಯ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ದಿನಕ್ಕೆ ಸುಮಾರು 110 ಕೋಟಿ. ಈ ಗುರಿ ಹೊತ್ತ ಸರ್ಕಾರ ನಿಷೇಧ ತರುತ್ತದೆಂದು ಕಾಯುವುದು ಕಟುಕನ ಅಂಗಡಿಯಲ್ಲಿ ತುಳಸಿ ಹುಡುಕಿದಂತೆ. ಕಾಯುತ್ತಾ ಇರುವಷ್ಟು ದಿನ ಪಾರ್ಸೆಲ್ ಮನೆಗೆ ಬರುತ್ತಲೇ ಇರುತ್ತದೆ. ಪೆಟ್ಟಿಗೆ ಅಂಗಡಿಯಲ್ಲಿ ಬೀಡಿಯ ಪಕ್ಕ ಅಕ್ರಮವಾಗಿ ಮಾರಾಟವಾಗುವ ಟೆಟ್ರಾ ಪ್ಯಾಕ್ ಮೊದಲು ನಿಲ್ಲಬೇಕು ಎಂಬುದರಲ್ಲಿ ಆ ಹೆಂಗಸರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಕುಡಿತ ಮನೆಯಿಂದ ಹೊರಗೆ, ಬೆಳಕಿಗೆ ಬರಲಿ ಎಂಬುದು ಅವರ ಬೇಡಿಕೆಗೆ ವಿರುದ್ಧವಲ್ಲ; ಅವರ ದೂರಿನ ಒಂದು ಪಾಲಿಗಾದರೂ ಪರಿಹಾರ.

ಎರಡನೆಯ ವಾದ ದುಡ್ಡಿನದು. ಬೆಂಗಳೂರಿನ ಬ್ರೂಪಬ್ಬಿನಲ್ಲಿ ಒಂದು ಗ್ಲಾಸಿಗೆ ಮುನ್ನೂರೈವತ್ತು, ನಾನೂರು ರೂಪಾಯಿ ಆಗುವುದು ಮಾಮೂಲು. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಜಗಳೂರಿನ ಹೆಣ್ಣುಮಗಳೊಬ್ಬಳು ಬಿಸಿಲಲ್ಲಿ ಇಡೀ ದಿನ ಮಣ್ಣು ಹೊತ್ತ ದುಡಿಮೆ ಒಂದು ಗ್ಲಾಸು. ಹಾಗಾಗಿ ಬೆಂಗಳೂರಿನ ಬ್ರೂಪಬ್ಬನ್ನು ಬೇರುಸಹಿತ ಕಿತ್ತು ತಂದು ನಮ್ಮಲ್ಲಿ ನೆಟ್ಟರೆ ಅದು ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತೋಟದ ಮಾಲೀಕರ ಮಕ್ಕಳು ಹೋಗುವ ಜಾಗವಾದೀತು, ಅಷ್ಟೇ. ಉಳಿದವರು ಏರಿಯ ಮೇಲೆಯೇ ಉಳಿಯುತ್ತಾರೆ. ಗಾಜು, ಸ್ಟೀಲು, ಇಂಗ್ಲಿಷ್ ಮೆನುಗಳನ್ನು ನಾನು ಕೇಳುತ್ತಿಲ್ಲ.

ಮೂರನೆಯದು ನೀರು. ಟ್ಯಾಂಕರ್ ಕಾಯ್ದು ಗೊತ್ತಿರುವ ಜಗಳೂರಿನವರು ಕೇಳಲೇಬೇಕಾದ ಪ್ರಶ್ನೆ. ತೊಳೆಯುವುದೂ ಸೇರಿ ಒಂದು ಲೀಟರ್ ಬಿಯರಿಗೆ ಐದಾರು ಲೀಟರ್ ನೀರು ಹಿಡಿಯಿರಿ. ದಿನಕ್ಕೆ 500 ಲೀಟರ್ ಮಾಡುವ ಸಣ್ಣ ಘಟಕಕ್ಕೆ ಮೂರು ಸಾವಿರ ಲೀಟರ್. ಬೇಸಿಗೆಯಲ್ಲಿ ಹನಿ ನೀರಾವರಿಯ ಒಂದು ಅಡಿಕೆ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ ಸುಮಾರು 550 ಗಿಡವೆಂದರೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಅಂದರೆ ಊರಿಗೊಂದು ಬಿಯರ್ ಹಂಡೆ ಕುಡಿಯುವ ನೀರು ಮೂರನೇ ಒಂದು ಎಕರೆ ಅಡಿಕೆ ತೋಟದಷ್ಟು. ಬರದ ನೆಲಕ್ಕೆ ಕೊಳವೆಬಾವಿ ಕೊರೆದು ಅಡಿಕೆ ಏರಿಸುತ್ತಿರುವ ನಾವು ನೀರಿನ ಹೆಸರಲ್ಲಿ ಬಿಯರನ್ನು ಬೈಯುವ ಮೊದಲು ಕನ್ನಡಿ ನೋಡಿಕೊಳ್ಳಬೇಕು.

ಹಾಗಾದರೆ ಏನು ಬೇಕು? ಜರ್ಮನಿಯ ಬವೇರಿಯಾದಲ್ಲಿ ಬಿಯರ್ ತೋಟಗಳೆಂಬ ಹಳೆಯ ಪದ್ಧತಿ ಇದೆ. ಬಿಯರ್ ಮಾಡುವವರು ತಮ್ಮ ನೆಲಮಾಳಿಗೆಯ ಮೇಲೆ ಮರದ ನೆರಳಲ್ಲಿ ಬೆಂಚು ಹಾಕಿ ಮಾರತೊಡಗಿದಾಗ ಊರಿನ ಹೋಟೆಲಿನವರು ತಕರಾರು ತೆಗೆದರು. 1812ರಲ್ಲಿ ಅಲ್ಲಿನ ರಾಜ ಬಿಯರ್ ಮಾರಲು ಒಪ್ಪಿಗೆ ಕೊಟ್ಟು, ಬ್ರೆಡ್ಡಿನ ಹೊರತು ಬೇರೆ ಊಟ ಮಾರಬಾರದೆಂದ. ಜನ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದರು. ಇಂದಿಗೂ ಅಲ್ಲಿನ ಬಿಯರ್ ತೋಟದಲ್ಲಿ ಬುತ್ತಿ ಬಿಚ್ಚಿ ಕೂರುವ ಹಕ್ಕಿದೆ. ಅಜ್ಜ ಅಜ್ಜಿ ಮೊಮ್ಮಕ್ಕಳೂ ಬರುತ್ತಾರೆ. ಬುತ್ತಿ ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸೂಳೆಕೆರೆಯ ದಂಡೆಗೋ ತೀರ್ಥರಾಮೇಶ್ವರಕ್ಕೋ ಹೊರಟರೆ ಬುತ್ತಿಯೇ ಮೊದಲು ಗಾಡಿ ಏರುವುದು.

ನಮ್ಮ ನಿಯಮಗಳನ್ನು ಆ ದಿಕ್ಕಿಗೆ ತಿರುಗಿಸಲು ಆಕಾಶ ಇಳಿಸಬೇಕಿಲ್ಲ. ತೆರಿಗೆ ಮದ್ಯಸಾರದ ಪ್ರಮಾಣವನ್ನು ಹಿಂಬಾಲಿಸಲಿ. ಕಡುವಾದದ್ದು ದುಬಾರಿಯಾಗಲಿ, ತೆಳುವಾದದ್ದು ಅಗ್ಗವಾಗಲಿ. ತಾಲ್ಲೂಕು ಮಟ್ಟದಲ್ಲಿ ಚಿಕ್ಕ ತಯಾರಕರಿಗೆ ಕಡಿಮೆ ಶುಲ್ಕದ ಪರವಾನಗಿ ಇರಲಿ, ಆದರೆ ಷರತ್ತುಗಳೊಡನೆ: ಪೂರ್ಣ ಅಡುಗೆಮನೆ ಕಡ್ಡಾಯ, ಮದ್ಯಸಾರಕ್ಕೆ ಮಿತಿ, ಪಾರ್ಸೆಲ್ ಇಲ್ಲ, ರಸ್ತೆಗೆ ಕಾಣುವ ತೆರೆದ ಕಿಟಕಿ. ಇಂಥ ಒಂದು ಪರವಾನಗಿ ಕೊಟ್ಟಾಗ ಅದೇ ಊರಿನ ಒಂದು ಬಾಟಲಿ ಅಂಗಡಿಯ ಪರವಾನಗಿ ಕಡಿಮೆಯಾಗಲಿ. ಇಲ್ಲವಾದರೆ ಇದು ಇನ್ನೊಂದು ಅಂಗಡಿ ಸೇರಿಸುವ ನೆಪವಾದೀತು. ಒಪ್ಪಿಗೆ ಕೊಡುವಾಗ ಊರಿನ ಹೆಂಗಸರ ಮಾತಿಗೆ ತೂಕವಿರಲಿ. ಇನ್ನು ಗದ್ದೆಯ ಗಾಜಿನ ವಿಚಾರ: ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಹೆಚ್ಚು ಹಿಡಿದು, ಖಾಲಿ ಬಾಟಲಿ ತಂದುಕೊಟ್ಟಾಗ ಮರಳಿಸುವ ಕ್ರಮ ಬಂದಿದೆ. ಅದನ್ನು ಭದ್ರಾ ನಾಲೆಯ ಊರುಗಳಿಗೆ ತರಲು ಬ್ರೂಪಬ್ ಬರುವವರೆಗೆ ಕಾಯಬೇಕಿಲ್ಲ. ನಾಳೆಯೇ ತರಬಹುದು.

ಇವೆಲ್ಲ ಆದರೂ ಕುಡಿತದ ಕೇಡು ತೊಲಗುವುದಿಲ್ಲ. ಚಟಕ್ಕೆ ಬಿದ್ದವನನ್ನು ಊಟದ ಮೇಜು ಗುಣಪಡಿಸದು. ಅವನಿಗೆ ಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಮನೋವೈದ್ಯ. ಆದರೆ ಚಟಕ್ಕೆ ಇನ್ನೂ ಬೀಳದವರು, ವಾರಕ್ಕೊಮ್ಮೆ ಗೆಳೆಯರ ಜೊತೆ ಕೂರುವವರು, ಇಂದು ಕತ್ತಲಲ್ಲಿ, ಖಾಲಿ ಹೊಟ್ಟೆಯಲ್ಲಿ, ಅವಸರದಲ್ಲಿ ಕುಡಿಯುವುದನ್ನು ಕಲಿಯುತ್ತಿದ್ದಾರೆ. ಆಮೇಲೆ ಅದೇ ಏರಿಯ ಮೇಲೆ ಬೈಕು ಓಡಿಸಿಕೊಂಡು ಮನೆಗೆ ಹೋಗುತ್ತಾರೆ.

ಆ ಸಂಜೆ ಬ್ರೂಪಬ್ಬಿನಿಂದ ಹೊರಬಂದು ಆಟೋ ಕಾಯುವಾಗ, ‘ಹೆಂಗಿತ್ತು ಅತ್ತಿಗಿ?’ ಎಂದು ಕೇಳಿದೆ. ‘ಊಟ ಚಲೋ ಇತ್ತು. ಆದ್ರ ನಿಮ್ಮಣ್ಣ ಎಲ್ಲೇ ಕುಡದು ಬಂದ್ರೂ ಮನಿಯಾಗ ವಾಸ್ನಿ ಒಂದೇ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೂ ಇವತ್ತು ಎಷ್ಟು ಕುಡದ್ರು ಅಂತ ನಂಗೂ ಗೊತ್ತಾತು’ ಎಂದು ಸೇರಿಸಿದರು.

ಮೂವತ್ತು ವರ್ಷದ ಸಂಸಾರದಲ್ಲಿ ಅದು ಅವರಿಗೆ ಗೊತ್ತಾದದ್ದು ಅದೇ ಮೊದಲು. ಪರವಾನಗಿ ಕೊಡುವ ಅಧಿಕಾರಿಗೆ ನಾನು ಸೂಚಿಸುವ ಪರೀಕ್ಷೆಯೂ ಅಲ್ಲೇ ಇದೆ: ಹೊನ್ನಾಳಿಯಲ್ಲಿ ತೆರೆಯಲಿರುವ ಅಂಥ ಜಾಗಕ್ಕೆ ಅತ್ತಿಗೆಯಂಥವರು ಒಬ್ಬರೇ ಹೋಗಿ, ಒಂದು ಹನಿ ಕುಡಿಯದೆ, ಹೊಟ್ಟೆ ತುಂಬ ಉಂಡು, ಬಿಲ್ಲು ಕೊಟ್ಟು ತಲೆಯೆತ್ತಿ ಹೊರಬರಬಹುದೇ? ಬರಬಹುದಾದರೆ ಸಹಿ ಹಾಕಿ. ಇಲ್ಲವಾದರೆ ಅದೂ ಒಂದು ಏರಿಯೇ, ಮೇಲೆ ಸೂರು ಹಾಕಿದ್ದು.